ಕವಳಿ ಹಣ್ಣು, ಜಿನ್ ಮತ್ತು ನನ್ನ ಧೈರ್ಯ

ನನಗೆ ಬಾರದ ವಿದ್ಯೆಗಳು ಬಹಳ ಇವೆ. ಸೈಕಲ್ ಬರುವುದಿಲ್ಲ, ಈಜು ಬರುವುದಿಲ್ಲ, ಹೋಳಿಗೆಯನ್ನು ಹರಿಯದಂತೆ ಹಂಚಿನಿಂದ ತೆಗೆಯಲು ಬರುವುದಿಲ್ಲ. ಆದರೆ ಎಲ್ಲಕ್ಕಿಂತ ಪೂರ್ತಿಯಾಗಿ ಬಾರದಿರುವುದು ಎಂದರೆ “ತಪ್ಪಾತು” ಎನ್ನುವ ಒಂದೇ ಒಂದು ಮಾತು. ದುಂಡಸಿ ಕಡೆಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಬೋರ್ಡಿನ ಮೇಲೆ ನಾನೇ ಸೂತ್ರವನ್ನು ತಪ್ಪಾಗಿ ಬರೆದು, ಮಕ್ಕಳು ಅದನ್ನು ತೋರಿಸಿಕೊಟ್ಟರೆ, “ನಿಮ್ಮ ಲಕ್ಷ್ಯ ಎಲ್ಲೈತಿ ನೋಡಿದ್ನಿ” ಎಂದು ಗದರಿಸಿ ಒರೆಸಿಬಿಡುತ್ತೇನೆ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ಕಂಪನಿಯದು ತಪ್ಪು. ಬಸ್ಸು ತಪ್ಪಿದರೆ ಬಸ್ಸಿನದು.

ಇಂಥವಳಿಗೆ ಒಬ್ಬಳ ಹತ್ತಿರ ಕ್ಷಮೆ ಕೇಳುವ ಕೆಲಸ ಏಳು ವರ್ಷಗಳಿಂದ ಬಾಕಿ ಇತ್ತು. ಅವಳು ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಶಿಗ್ಗಾಂವಿಯಲ್ಲಿ ನಮ್ಮದು ಒಂದೇ ಮನೆ, ಎರಡು ಬಾಗಿಲು. ನಡುವೆ ಒಂದು ಗೋಡೆ, ಹಿಂದೆ ಇಬ್ಬರಿಗೂ ಸೇರಿ ಒಂದು ಹಿತ್ತಲು. ನಾನು ಮದುವೆಯಾಗಿ ಬಂದ ನಾಲ್ಕು ವರ್ಷಕ್ಕೆ ಅವಳು ಬಂದಳು. ಅವಳಿಗೆ ಮಕ್ಕಳಾಗಲಿಲ್ಲ. ನಾನು ಬೆಳಗಿನ ಬಸ್ಸು ಹಿಡಿದು ಶಾಲೆಗೆ ಹೋದರೆ ನನ್ನ ಮಗಳು ಸಂಜೆಯವರೆಗೆ ಇರುತ್ತಿದ್ದದ್ದು ಅವಳ ಸೊಂಟದ ಮೇಲೆ. ಮಗಳು ಜ್ವರ ಬಂದಾಗ “ಚಿಗವ್ವಾ” ಎಂದೇ ನರಳುತ್ತಿದ್ದಳು, “ಅವ್ವಾ” ಎಂದಲ್ಲ. ನನಗೆ ಅದರಿಂದ ಹೊಟ್ಟೆಕಿಚ್ಚಾಗುತ್ತಿತ್ತು, ಅನುಕೂಲವೂ ಆಗುತ್ತಿತ್ತು.

ಏಳು ವರ್ಷದ ಹಿಂದೆ ಆ ಮಗಳ ಕುಬಸ ಮಾಡಿದೆವು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬುವ ಕಾರ್ಯ ಅದು. ಹಸಿರು ಕುಪ್ಪಸ ಹೊಲಿದವಳು ನನ್ನ ನೆಗೆಣ್ಣಿ. ಬೆಳಗಿನ ನಾಲ್ಕಕ್ಕೆದ್ದು ಹೂರಣ ಅರೆದವಳೂ ಅವಳೇ. ಬೀಗರ ಕಡೆಯ ಹೆಂಗಸರು ಸಾಲಾಗಿ ಕುಳಿತಿದ್ದರು. ಉಡಿ ತುಂಬುವ ಸರದಿ ಅವಳಿಗೆ ಬಂತು. ಅವಳು ಅಕ್ಕಿಯ ಮೊರಕ್ಕೆ ಕೈ ಹಾಕಿದಳು. ಬೀಗಿತ್ತಿ ಏನೂ ಹೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಅಷ್ಟಕ್ಕೇ ನಾನು ಹೇಳಿದೆ: “ತಂಗಿ, ಬ್ಯಾಳಿ ತಳಾ ಹತ್ತೀತು, ಒಂಚೂರ ನೋಡ್ಕೊಂಡ ಬಾ.”

ಬೇಳೆಯನ್ನು ಅವಳೇ ಅರ್ಧ ಗಂಟೆ ಮೊದಲು ಒಲೆಯಿಂದ ಇಳಿಸಿದ್ದಳು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಅವಳು ಮೊರದಿಂದ ಕೈ ತೆಗೆದು, “ಹೂಂ ರಿ” ಎಂದು ಒಳಗೆ ಹೋದಳು. ಆರತಿ ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಮಕ್ಕಳಾಗದವಳು ಉಡಿ ತುಂಬಿದರೆ ಬಸುರಿಗೆ ಕೆಟ್ಟದಾಗುತ್ತದೆ ಎಂದು ನಾನು ನಂಬುವವಳಲ್ಲ. ಗ್ರಹಣ ಹಿಡಿದ ದಿನ ಶಾಲೆಯ ಅಂಗಳದಲ್ಲಿ ನಿಂತು ಮಕ್ಕಳೆದುರು ಅವಲಕ್ಕಿ ತಿಂದು ತೋರಿಸಿದವಳು ನಾನು. ಮೂಢನಂಬಿಕೆಯ ಮೇಲೆ ಭಾಷಣ ಮಾಡು ಎಂದರೆ ಈಗಲೂ ಮೈಕು ಬಿಡುವುದಿಲ್ಲ. ಅತ್ತೆಯವರು ಬದುಕಿದ್ದರೆ ತಪ್ಪನ್ನು ಅವರ ತಲೆಗೆ ಕಟ್ಟಬಹುದಿತ್ತು, ಆದರೆ ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಮನೆಗೆ ಹಿರಿಯಳು ನಾನೇ. ಮಾಡಿದ್ದೂ ನಾನೇ.

ಆಮೇಲೆ ಜಗಳವೇನೂ ಆಗಲಿಲ್ಲ. ಜಗಳವಾದರೆ ನಾನು ಗೆಲ್ಲುತ್ತಿದ್ದೆ. ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹಬ್ಬಕ್ಕೆ ಬಟ್ಟಲು ತುಂಬಿ ಕೊಟ್ಟು ಹೋಗುತ್ತಿದ್ದಳು, ಹಿತ್ತಲಲ್ಲಿ ಕುಳಿತು ಹರಟುವುದನ್ನು ಮಾತ್ರ ನಿಲ್ಲಿಸಿದಳು. ಈ ವರ್ಷ ಮೈದುನನಿಗೆ ಹಿರೇಕೆರೂರಿಗೆ ವರ್ಗವಾಯಿತು. ಮೇ ತಿಂಗಳ ಕೊನೆಗೆ ಸಾಮಾನು ಸಾಗಿಸುವುದೆಂದು ನಿಶ್ಚಯವಾಯಿತು. ಹಿರೇಕೆರೂರೇನು ದೂರದ ಊರಲ್ಲ, ಆದರೆ ಗೋಡೆಯಾಚೆ ಇರುವಾಗಲೇ ಬಾರದ ಮಾತು ಎರಡು ಬಸ್ಸು ಬದಲಿಸಿ ಬರುತ್ತದೆಯೇ? ಆಗ ಹೇಳದಿದ್ದರೆ ಇನ್ನು ಹೇಳಿದಂತೆಯೇ ಎಂದು ನನಗೆ ಗಾಬರಿಯಾಯಿತು.

ಇಂಥ ಹೊತ್ತಿನಲ್ಲಿ ನನಗೆ ಜಿನ್ ಸಿಕ್ಕಿತು.

ರಜೆಯ ಮೊದಲ ವಾರ ನಾವು ಆರು ಮಂದಿ ಶಿಕ್ಷಕಿಯರು ಟೆಂಪೊ ಮಾಡಿಕೊಂಡು ಗೋವಾಕ್ಕೆ ಹೋಗಿದ್ದೆವು. ಅಲ್ಲಿ ದಂಡೆಯ ಮೇಲಿನ ಹೋಟೆಲೊಂದರಲ್ಲಿ, ಪಕ್ಕದ ಮೇಜಿನವರ ಕೈಯಲ್ಲಿದ್ದ ಗುಲಾಬಿ ಬಣ್ಣದ ಪಾನೀಯ ನೋಡಿ, “ಅದು ಹಣ್ಣಿಂದ?” ಎಂದು ಕೇಳಿದೆ. ಹೋಟೆಲಿನವನು ಹೌದೆಂದ. ಅವನು ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲಿಲ್ಲ ಅಷ್ಟೆ. ಕಾಲುಳ್ಳ ಗಾಜಿನ ಬಟ್ಟಲಲ್ಲಿ ಕೆಂಪು ರಸ, ಮೇಲೆ ಬೆರಳಷ್ಟು ದಪ್ಪ ಬಿಳಿ ನೊರೆ. ಅರ್ಧ ಕುಡಿದ ಮೇಲೆ ಅದರಲ್ಲಿ ಜಿನ್ ಎಂಬ ಮದ್ಯ ಇದೆ ಎಂದು ಗೊತ್ತಾಯಿತು. ಉಳಿದರ್ಧವನ್ನು ಗೊತ್ತಿದ್ದೇ ಕುಡಿದೆ. ಹತ್ತು ನಿಮಿಷ ಕಳೆದಿರಬೇಕು, ನನ್ನ ಬಾಯಿ ನನ್ನನ್ನು ಕೇಳದೆ ಪಕ್ಕದಲ್ಲಿದ್ದ ಹಿಂದಿ ಶಿಕ್ಷಕಿಗೆ ಹೇಳಿತು: “ಟೀಚರ್, ಮೂರು ವರ್ಷದ ಹಿಂದ ನಿಮ್ಮ ಛತ್ರಿ ಮುರಿದು ಸುಮ್ನ ಇಟ್ಟಾಕಿ ನಾನ ರಿ. ತಪ್ಪಾತು.” ಅವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನನ್ನ ಬಾಯಿಂದ ಆ ಮಾತು ಬಂದದ್ದನ್ನು ನಾನೇ ಮೊದಲ ಸಲ ಕೇಳಿದ್ದು.

ಒಂದು ಪ್ರಯೋಗ, ಒಂದು ಫಲಿತಾಂಶ. ಇಷ್ಟರ ಮೇಲೆ ಮಕ್ಕಳು ತೀರ್ಮಾನ ಬರೆದರೆ ನಾನು ಸೊನ್ನೆ ಹಾಕುತ್ತೇನೆ. ಆದರೆ ನನ್ನ ಪತ್ರಿಕೆಯನ್ನು ನಾನೇ ತಿದ್ದುವಾಗ ಧಾರಾಳಿ. ಜಿನ್ ಕುಡಿದರೆ ನನಗೆ ಕ್ಷಮೆ ಕೇಳಲು ಬರುತ್ತದೆ ಎಂದು ತೀರ್ಮಾನಿಸಿ, ಮಾಡುವ ರೀತಿಯನ್ನು ಹೋಟೆಲಿನವನಿಂದ ಬರೆಸಿಕೊಂಡು, ಒಂದು ಬಾಟಲಿ ಕೊಂಡು, ಹಳೆಯ ಸೀರೆಯಲ್ಲಿ ಸುತ್ತಿ ತಂದೆ. ಅದರಲ್ಲಿ ಇನ್ನೊಂದು ಅನುಕೂಲವೂ ಕಂಡಿತ್ತು. ಮಾತು ಕೈಕೊಟ್ಟರೆ ಮರುದಿನ, “ಕುಡದ ಮಾತು ಅದು, ಮನಸಿಗೆ ಹಚ್ಕೋಬ್ಯಾಡ” ಎಂದು ಹಿಂದೆ ಸರಿಯಬಹುದು. ಮುಂದೆ ಹೋಗಲು ಒಂದು ಬಾಗಿಲು, ಓಡಿಹೋಗಲು ಒಂದು ಕಿಟಕಿ. ಇಷ್ಟು ಚೊಕ್ಕದಾದ ಯೋಜನೆಯನ್ನು ನಾನು ನೌಕರಿಯಲ್ಲಿಯೂ ಮಾಡಿದವಳಲ್ಲ.

ಲಿಂಗಪೂಜೆಯ ಮನೆಯಲ್ಲಿ ಜಿನ್ ಬಾಟಲಿಯನ್ನು ಇಡುವುದೆಲ್ಲಿ? ಬೇಸಿಗೆಯಲ್ಲಿ ನಮ್ಮ ಫ್ರಿಜ್ಜಿನ ತುಂಬ ಹಳೆಯ ಶರಬತ್ತಿನ ಗಾಜಿನ ಬಾಟಲಿಗಳಲ್ಲಿ ಕುಡಿಯುವ ನೀರು ಇರುತ್ತದೆ. ಅಂಥದೇ ಒಂದು ಬಾಟಲಿಗೆ, ನೀರಿನಂತೆಯೇ ಕಾಣುವ ಜಿನ್ ಸುರಿದು, ಮೇಲೆ ಚೀಟಿ ಅಂಟಿಸಿದೆ: ‘ಶಾಲೆಯ ಪ್ರಯೋಗಾಲಯದ್ದು. ಕುಡಿಯಬಾರದು.’ ನನ್ನ ಯಜಮಾನರು ಸರ್ಕಾರಿ ಕಾಗದಕ್ಕೆ ಬಹಳ ಮರ್ಯಾದೆ ಕೊಡುವವರು. ಚೀಟಿಯಲ್ಲಿದ್ದ ಮಾತನ್ನು ಮೀರುವುದು ಅವರ ರಕ್ತದಲ್ಲಿಲ್ಲ. ಖಾಲಿಯಾದ ಅಸಲು ಬಾಟಲಿ ಇವತ್ತಿಗೂ ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ಎಸೆಯುವ ಜಾಗ ಇನ್ನೂ ಹೊಳೆದಿಲ್ಲ.

ಹಣ್ಣಿನದೇ ತೊಡಕಾಯಿತು. ಹೋಟೆಲಿನವನು ಬರೆದುಕೊಟ್ಟ ಹಣ್ಣಿನ ಹೆಸರನ್ನು ಶಿಗ್ಗಾಂವಿಯ ಹಣ್ಣಿನಂಗಡಿಯಲ್ಲಿ ಹೇಳಿದರೆ, ಅಂಗಡಿಯಾತ, “ಅದು ಔಷಧಿ ಅಂಗಡ್ಯಾಗ ಕೇಳ್ರಿ” ಎಂದ. ಬಸ್‌ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತ ಅಜ್ಜಿಯ ಹತ್ತಿರ ಕವಳಿ ಹಣ್ಣು ಇದ್ದವು. ಹುಳಿ ಇದೆ, ಕಪ್ಪಗೆ ಹಣ್ಣಾಗಿದೆ, ಹಿಂಡಿದರೆ ಕೆಂಪು. ಸಾಕಲ್ಲ ಎನ್ನಿಸಿತು. ತೊಟ್ಟಿನ ಹಾಲು ಕೈಗೆಲ್ಲ ಅಂಟಿ, ಅದನ್ನು ತೊಳೆಯಲು ಎಣ್ಣೆ ಹಚ್ಚಿ, ಎಣ್ಣೆ ಹೋಗಲು ಕಡಲೆ ಹಿಟ್ಟು ಹಚ್ಚಿ, ಅಂತೂ ಸಕ್ಕರೆ ಹಾಕಿ ಕುದಿಸಿದೆ. ಸೋಸುವಾಗ ಬಟ್ಟೆ ಜಾರಿ ಗೋಡೆಯ ಮೇಲೆಲ್ಲ ಕೆಂಪು ಸಿಡಿಯಿತು. ಸುಣ್ಣ ಬಳಿದರೂ ಅದು ಇನ್ನೂ ಕಾಣುತ್ತದೆ.

ಆಮೇಲೆ ಹೋಟೆಲಿನವನ ಚೀಟಿಯ ನಾಲ್ಕನೆಯ ಸಾಲು: ಒಂದು ಮೊಟ್ಟೆಯ ಬಿಳಿ. ನೊರೆ ಬರುವುದು ಅದರಿಂದಲೇ ಅಂತೆ. ಅಲ್ಲಿ ನನ್ನ ಕೈ ನಿಂತಿತು. ಈ ಅಡಿಗೆಮನೆಗೆ ಮೊಟ್ಟೆ ಬಂದಿಲ್ಲ, ನನ್ನ ಕಾಲದಲ್ಲಿ ಬರುವುದೂ ಇಲ್ಲ, ಅದೇನು ಅನಾಚಾರ ಎಂದು ನನಗೇ ಸಿಟ್ಟು ಬಂತು. ಫ್ರಿಜ್ಜಿನಲ್ಲಿ ಸಾರಾಯಿ ಇಟ್ಟುಕೊಂಡು ಮೊಟ್ಟೆಯ ಮೇಲೆ ಸಿಟ್ಟಿಗೆದ್ದ ಹೆಂಗಸು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನೊರೆ ಬೇಡವೆಂದು ಬಿಟ್ಟೆ.

ಶನಿವಾರ ಮಧ್ಯಾಹ್ನ ಅವಕಾಶ ಸಿಕ್ಕಿತು. ಅಣ್ಣತಮ್ಮಂದಿರು ಇಬ್ಬರೂ ಹಾನಗಲ್ಲಿಗೆ ಒಂದು ಲಗ್ನಕ್ಕೆ ಹೋಗಿದ್ದರು. ನಾನು ತಲೆನೋವು ಎಂದು ಉಳಿದೆ. ನೆಗೆಣ್ಣಿ ಸಾಮಾನು ಕಟ್ಟುವುದಿದೆ ಎಂದು ಉಳಿದಿದ್ದಳು. ಸೋಮವಾರ ಲಾರಿ ಬರುವುದಿತ್ತು. ಬಾಯಿ ವಾಸನೆ ಮುಚ್ಚಲು ಸವಣೂರಿನ ವೀಳ್ಯದೆಲೆ ಒಂದು ಕಟ್ಟು ತರಿಸಿಟ್ಟಿದ್ದೆ. ಚೀಟಿ ಇದ್ದ ಬಾಟಲಿ ತೆಗೆದು ಎರಡು ಪಾಲು ಅಳೆದು ಸುರಿದೆ, ಒಂದು ಪಾಲು ಲಿಂಬೆ ರಸ, ಒಂದು ಪಾಲು ಕವಳಿ ರಸ, ಮೇಲೆ ಐಸಿನ ತುಂಡು. ಹಾಲು ತರುವ ಸ್ಟೀಲಿನ ಕ್ಯಾನಿಗೆ ಹಾಕಿ, ಮುಚ್ಚಳ ಒತ್ತಿ ಹಿಡಿದು, ಎರಡೂ ಕೈಯಿಂದ ಅಲುಗಾಡಿಸಿದೆ. ಬಳೆ ಸದ್ದು, ಐಸಿನ ಸದ್ದು, ಕ್ಯಾನಿನ ಸದ್ದು ಕೂಡಿ ಓಣಿಯ ನಾಯಿ ಬೊಗಳಿತು.

ಇಲ್ಲೊಂದು ಮಾತು ಹೇಳಬೇಕು. ಇಷ್ಟೆಲ್ಲ ಮಾಡುವಾಗ ನಾನು ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ, ಮೂಗಿಗೂ ಹಿಡಿಯಲಿಲ್ಲ. ಅದು ಅತ್ತೆಯವರು ಕಲಿಸಿದ ಪಾಠ. ದೇವರಿಗೆ ಎಡೆ ಹಿಡಿಯುವ ಮೊದಲು ಅಡಿಗೆಯ ರುಚಿ ನೋಡುವುದಿರಲಿ, ವಾಸನೆ ತೆಗೆದುಕೊಂಡರೂ ಅದು ಎಂಜಲೇ. ಉಪ್ಪು, ಹುಳಿ, ಖಾರ ಕೈಗೇ ತಿಳಿಯಬೇಕು. ಮೂವತ್ತು ವರ್ಷ ಹಾಗೆ ಅಡಿಗೆ ಮಾಡಿದ ಕೈ ನನ್ನದು. ಜಿನ್ನಿನ ಎಡೆಯನ್ನು ಯಾವ ದೇವರೂ ಕೇಳಿರಲಿಲ್ಲ, ಆದರೂ ಕೈ ತನ್ನ ಪಾಠ ಬಿಡಲಿಲ್ಲ.

ಹಿತ್ತಲ ಕಟ್ಟೆಯ ಮೇಲೆ ಎರಡು ಗ್ಲಾಸು ಇಟ್ಟು ಅವಳನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಏನ್ರಿ ಅಕ್ಕಾರ ಇದು, ಇಷ್ಟ ಕೆಂಪಗ?”

“ಗೋವಾದಾಗ ಕುಡದಿದ್ನಿ. ಇದರಾಗ ಜಿನ್ ಐತಿ ನೋಡ್. ದಾರೂನ ಅನ್ನು. ಬ್ಯಾಡಂದ್ರ ನಿನಗ ಬರೇ ಶರಬತ್ ಮಾಡಿ ಕೊಡ್ತೇನಿ.”

ಅವಳು ಗ್ಲಾಸು ನೋಡಿದಳು, ನನ್ನನ್ನು ನೋಡಿದಳು. “ನೀವು ಕುಡಿತೀರೇನ್ರಿ?”

“ಹೂಂ.”

“ಹಂಗಾರ ನನಗೂ ಇರ್ಲಿ ಬಿಡ್ರಿ. ಹೆಂಗೂ ಊರು ಬಿಟ್ಟ ಹೊಂಟೇನಿ.”

ಕುಡಿದೆವು. ಅವಳು ತುಟಿ ಚಪ್ಪರಿಸಿ, “ಹುಳಿ ಛಲೋ ಐತ್ರಿ. ದಾರು ಅಂದ್ರ ಕಹಿ ಅಂತಿದ್ರು ಮಂದಿ” ಎಂದಳು. “ಇದು ಬ್ಯಾರೆ ನಮೂನಿದು” ಎಂದೆ, ಬಹಳ ತಿಳಿದವಳ ಹಾಗೆ. ಗೋವಾದಲ್ಲಿ ಗಂಟಲು ಸುಟ್ಟ ನೆನಪು ಬಂತು. ಕವಳಿ ಹಣ್ಣು ಅದನ್ನು ತಗ್ಗಿಸಿರಬೇಕು ಎಂದುಕೊಂಡೆ. ಎರಡನೆಯ ಗ್ಲಾಸಿಗೆ ಕಿವಿ ಬಿಸಿಯಾಯಿತು. ತಲೆ ಹಗುರಾಯಿತು. ಕಟ್ಟೆ ಸ್ವಲ್ಪ ವಾಲಿತು. ಈಗ ಏರಿದೆ ಎಂದು ಖಾತ್ರಿಯಾದ ಮೇಲೆ ಬಾಯಿ ತೆರೆದೆ.

ಎಷ್ಟು ಮಾತಾಡಿದೆ! ಕುಬಸದ ದಿನ ಎಂದೆ. ಬೇಳೆ ಎಂದೆ. ಬೇಳೆ ಇಳಿಸಿದ್ದು ನನಗೆ ಗೊತ್ತಿತ್ತು ಎಂದೆ. ಬೀಗಿತ್ತಿಯ ಕಣ್ಣು, ಮಂದಿಯ ಬಾಯಿ, ಹಿರಿಯಳಾದವಳ ಸಂಕಟ ಎಂದೆಲ್ಲ ಸೇರಿಸಿದೆ. ನಡುವೆ ಸಮಾಜ ಎಂಬ ಶಬ್ದ ಮೂರು ಸಲ ಬಂತು. ಕೊನೆಗೆ, “ತಪ್ಪಾತು ತಂಗಿ” ಎಂದು ಜೋರಾಗಿ ಅತ್ತು, ಮೂಗನ್ನು ಅವಳದೇ ಸೆರಗಿಗೆ ಒರೆಸಿದೆ.

ಅವಳು ಗ್ಲಾಸಿನ ತಳದಲ್ಲಿ ಉಳಿದ ಐಸನ್ನು ತಿರುಗಿಸಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, “ಅಕ್ಕಾರ, ನಿಮಗ ಏರೇತ್ರಿ. ಒಂಚೂರ ಅಡ್ಡಾಗ್ರಿ” ಎಂದು ಒಳಗೆ ಕರೆತಂದು ಮಲಗಿಸಿದಳು. ನಾನು ತೂರಾಡುತ್ತ ಹೋದೆ. ತೂರಾಟ ಕೂಡ ಬಂದಿತ್ತು.

ಎಚ್ಚರವಾದದ್ದು ಸಂಜೆ ಐದೂವರೆಗೆ, ಅಡಿಗೆಮನೆಯಿಂದ ಬಂದ ಚೀರಾಟಕ್ಕೆ. ಯಜಮಾನರು ಬಿಸಿಲಲ್ಲಿ ಲಗ್ನದಿಂದ ಬಂದು ಫ್ರಿಜ್ಜು ತೆಗೆದು, ಚೀಟಿ ಇಲ್ಲದ ಒಂದು ಬಾಟಲಿ ಎತ್ತಿ ಗಟಗಟ ಸುರಿದುಕೊಂಡಿದ್ದರು. ಕಣ್ಣಲ್ಲಿ ನೀರು, ಎದೆಯ ಮೇಲೆ ಕೈ.

“ಏನ ಇದು? ಗಂಟಲಾ ಸುಟ್ಟ ಹೋತು! ನಿಮ್ಮ ಸಾಲ್ಯಾಗಿನ ಆ್ಯಸಿಡ್ ಏನ? ದವಾಖಾನಿಗೆ ನಡಿ ಮದ್ಲ!”

ಬಾಟಲಿ ಕಸಿದುಕೊಂಡು ವಾಸನೆ ನೋಡಿದೆ. ಇಪ್ಪತ್ತಾರು ವರ್ಷ ಪ್ರಯೋಗಾಲಯದಲ್ಲಿ ನಿಂತವಳಿಗೆ ವಾಸನೆ ನೋಡುವುದು ಆಗ ಹೊಳೆಯಿತು. ಜಿನ್. ಪೂರ್ತಿ ಬಾಟಲಿ ಜಿನ್, ಅವರು ಕುಡಿದ ಎರಡು ಗುಟುಕು ಬಿಟ್ಟು.

“ಅಲ್ರಿ, ಚೀಟಿ ಇದ್ದದ್ದು ಈ ಬಾಟ್ಲಿಗೆ ಅಲ್ಲೇನ್ರಿ?”

“ಅದೇನ ಕೇಳ್ತಿ. ಮೊನ್ನೆ ನೀರಾಡಿ ಚೀಟಿ ಕೆಳಗ ಬಿದ್ದಿತ್ತು. ನಾನ ಗೋಂದು ಹಚ್ಚಿ ಬಾಜೂ ಇದ್ದ ಬಾಟ್ಲಿಗೆ ಛಲೋತ್ನಾಗಿ ಅಂಟಿಸೇನಿ. ಈಗ ದವಾಖಾನಿಗೆ ನಡಿತೀ ಏನಿಲ್ಲ?”

ಅವರಿಗೆ ನಿಜ ಹೇಳಲೇಬೇಕಾಯಿತು. ಆ್ಯಸಿಡ್ ಅಲ್ಲ, ಹೆಂಡತಿ ಕೊಂಡುತಂದ ದಾರು ಎಂದು ತಿಳಿದ ಮೇಲೆ ಅವರ ಎದೆನೋವು ಬೇಗ ಇಳಿಯಿತು. ಹೆದ್ದಾರಿಯ ಧಾಬಾಕ್ಕೆ ತಿಂಗಳಿಗೊಮ್ಮೆ ‘ಮೀಟಿಂಗಿಗೆ’ ಹೋಗುವ ಮನುಷ್ಯ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನಾ?” ಎಂದು ಕುರ್ಚಿಯಲ್ಲಿ ಕುಳಿತು ನಗತೊಡಗಿದರು.

ನನಗೆ ನಗು ಬರಲಿಲ್ಲ. ನಾನು ಕುಡಿದದ್ದು ತಣ್ಣೀರು, ಲಿಂಬೆ, ಕವಳಿ ಹಣ್ಣು, ಸಕ್ಕರೆ. ಕಿವಿ ಬಿಸಿಯಾದದ್ದು ಶರಬತ್ತಿಗೆ. ಕಟ್ಟೆ ವಾಲಿದ್ದು ಶರಬತ್ತಿಗೆ. ತೂರಾಡಿದ್ದು, ಅತ್ತದ್ದು, ಸಮಾಜ ಎಂದದ್ದು ಎಲ್ಲ ನೀರು ಕುಡಿದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಆ ಮಾತೂ ನಾನೇ ಆಡಿದ್ದು. ನಾಚಿಕೆಯಿಂದ ಆ ಸಂಜೆ ಹಿತ್ತಲ ಬಾಗಿಲು ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೋದಾಗ ಅವಳು ತನ್ನ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ತಲಿ ಹೆಂಗೈತ್ರಿ ಅಕ್ಕಾರ? ನಿನ್ನೀದು ಏನೂ ಮನಸಿನಾಗ ಇಟ್ಕೋಬ್ಯಾಡ್ರಿ. ಕುಡದ ಮಾತು ಅದು. ನಾನೂ ಹಚ್ಕೊಂಡಿಲ್ಲ.”

ನಾನೇ ಕಟ್ಟಿಟ್ಟುಕೊಂಡಿದ್ದ ಕಿಟಕಿಯನ್ನು ಅವಳಾಗಿ ತೆಗೆದು ಹಿಡಿದಿದ್ದಳು. ಒಂದು “ಹೂಂ” ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮಾತೂ ಆಡಿದಂತಾಯಿತು, ಮಾನವೂ ಉಳಿಯಿತು, ನಾಳೆ ಲಾರಿ ಬರುತ್ತದೆ, ಎಲ್ಲರೂ ನಗುತ್ತ ಬೀಳ್ಕೊಡಬಹುದು. ನಾಲಿಗೆಯ ತುದಿಗೆ ಆ “ಹೂಂ” ಬಂದೂ ಇತ್ತು. ಅವಳ ಮುಖ ನೋಡಿದೆ. ಕಣ್ಣು ಕೆಂಪಾಗಿ ಊದಿತ್ತು. ಕುಡಿದ ಮಾತೆಂದು ಬಿಟ್ಟವಳ ಮುಖ ಅದಲ್ಲ. ಕುಡಿದಿದ್ದಕ್ಕೇ ಈಕೆ ಹೇಳಿದಳು, ಇಲ್ಲದಿದ್ದರೆ ಹೇಳುತ್ತಿರಲಿಲ್ಲ ಎಂದು ರಾತ್ರಿಯೆಲ್ಲ ಅಂದುಕೊಂಡವಳ ಮುಖ.

“ಅದರಾಗ ಜಿನ್ ಇದ್ದಿದ್ದಿಲ್ಲ” ಎಂದೆ.

“ಅಂದ್ರ?”

“ಬಾಟ್ಲಿ ಅದಲು ಬದಲಾಗಿತ್ತು. ನಾವಿಬ್ಬರೂ ಕುಡದದ್ದು ಬರೇ ನೀರು. ನನಗ ಏನೂ ಏರಿದ್ದಿಲ್ಲ.”

ಅವಳು ರಂಗೋಲಿಯ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು. ನನ್ನ ಎತ್ತರವೇ ಇದ್ದಾಳೆ ಎಂಬುದನ್ನು ಅಷ್ಟು ವರ್ಷದಲ್ಲಿ ನಾನು ಗಮನಿಸಿರಲಿಲ್ಲ.

“ಹಂಗಾರ ಇನ್ನೊಮ್ಮೆ ಹೇಳ್ರಿ” ಎಂದಳು.

ಹಾಲಿನವನು ಸೈಕಲ್ಲಿನ ಮೇಲೆ ಹಾದುಹೋದ. ಎದುರು ಮನೆಯವರು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ನನ್ನ ಕೈಯಲ್ಲಿ ಬಕೆಟ್ಟು, ತಲೆ ಬಾಚಿಲ್ಲ. ನಿನ್ನೆ ಹೇಳಿದ ಬೀಗಿತ್ತಿ, ಮಂದಿ, ಸಮಾಜ ಯಾವುದೂ ನೆನಪಿಗೆ ಬರಲಿಲ್ಲ. ಬಕೆಟ್ಟನ್ನು ಕೆಳಗಿಟ್ಟೆ.

“ನಿನ್ನ ಕಡಿಂದ ಉಡಿ ತುಂಬಸಬೇಕಿತ್ತು” ಎಂದೆ. “ಬೇಕಂತ ಒಳಗ ಕಳಿಸಿದ್ನಿ. ತಪ್ಪಾತು.”

ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಸಿಟ್ಟು ಇನ್ನೂ ಹೋಗಿಲ್ರಿ ನನಗ” ಎಂದಳು. “ಲಗೂನ ಹೋಗೂ ಹಂಗೂ ಕಾಣೂದಿಲ್ಲ. ಆದ್ರ ಇವತ್ತ ಹೇಳಿದ್ದನ್ನ ಇಟ್ಕೋತೇನಿ.”